ಕೆಂಪಾಗದ 41 ಗಂಟುಗಳು: ರಾಸಾಯನಿಕದಿಂದ ಹುಟ್ಟಿದ ಲಿವರ್ ಕ್ಯಾನ್ಸರಿನ ಮೂಲಕೋಶ ಹುಡುಕಿದ ಒಂದು ಪ್ರಕರಣ

ಹೆಬ್ಬಾಳದಾಚೆಯ ಒಂದು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ತರುವ ರಾಸಾಯನಿಕ ಕೊಟ್ಟಿದ್ದ 14 ಗಂಡು ಇಲಿಗಳ ಲಿವರ್ ತೆಗೆದು ನೋಡಿದಾಗ 2 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಗಂಟುಗಳು ಒಟ್ಟು 186 ಸಿಕ್ಕವು. ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಡಿ 145 ಗಂಟುಗಳು ಕೆಂಪಗೆ ಹೊಳೆದವು. 41 ಕಪ್ಪಾಗಿಯೇ ಉಳಿದವು. ಒಂದೇ ಬಗೆಯ ಕೋಶಕ್ಕೆ ಮಾತ್ರ ಕೆಂಪು ಗುರುತು ಹಾಕಲಾಗಿತ್ತು. ಕೆಂಪು ಎಂದರೆ ಹೆಪಟೊಸೈಟ್‌ನಿಂದ, ಅಂದರೆ ಲಿವರಿನ ಮುಖ್ಯ ಕೆಲಸಗಾರ ಕೋಶದಿಂದ ಹುಟ್ಟಿದ್ದು. ಕಪ್ಪು ಎಂದರೆ ಬೇರೆ ಯಾವುದರಿಂದಲೋ ಹುಟ್ಟಿದ್ದು. ಹೀಗೆ ಲೆಕ್ಕ ಹಾಕಿ, 'ಐದರಲ್ಲಿ ಒಂದು ಗಂಟು ಪಿತ್ತನಾಳದ ಪ್ರೊಜೆನಿಟರ್ ಕೋಶದಿಂದ ಬಂದಿದೆ' ಎಂದು ಕರಡು ವರದಿ ಸಿದ್ಧವಾಯಿತು. ಪ್ರೊಜೆನಿಟರ್ ಎಂದರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶ. ವರದಿ ತಪ್ಪಾಗಿತ್ತು. ತಪ್ಪು ಎಲ್ಲೆಲ್ಲಿ ಹೊಕ್ಕಿತು, ಹೇಗೆ ಹಿಡಿಯಲಾಯಿತು ಎಂಬುದನ್ನು ಇಲ್ಲಿ ಗಂಟು ಗಂಟು ಎಣಿಸಿಯೇ ಹೇಳಬೇಕು.

ಈ ಪ್ರಶ್ನೆ ಏಕೆ ಇನ್ನೂ ಜೀವಂತವಾಗಿದೆ

1956ರಲ್ಲಿ ಮೆಗೀ ಮತ್ತು ಬಾರ್ನ್ಸ್ ಡೈಮೀಥೈಲ್‌ನೈಟ್ರೋಸಮೀನ್ ಬೆರೆಸಿದ ಆಹಾರ ತಿಂದ ರ್ಯಾಟ್‌ಗಳಲ್ಲಿ (ಇಲ್ಲಿನ ಸಣ್ಣ ಇಲಿಗಿಂತ ದೊಡ್ಡ ಜಾತಿ) ಲಿವರ್ ಗಡ್ಡೆ ಆಗುವುದನ್ನು ತೋರಿಸಿದರು. ಅದೇ ವರ್ಷ ಇಮ್ಯಾನುಯೆಲ್ ಫಾರ್ಬರ್, ಕ್ಯಾನ್ಸರ್‌ಕಾರಕ ತಿಂದ ರ್ಯಾಟ್‌ಗಳ ಲಿವರಿನಲ್ಲಿ ಪಿತ್ತನಾಳದ ಬಳಿ ಗುಂಪುಗಟ್ಟುವ ಮೊಟ್ಟೆಯಾಕಾರದ ಬೀಜಕೇಂದ್ರದ ಸಣ್ಣ ಕೋಶಗಳನ್ನು ವಿವರಿಸಿ ಅವಕ್ಕೆ ಓವಲ್ ಕೋಶ ಎಂಬ ಹೆಸರಿಟ್ಟರು. ಪ್ರೊಜೆನಿಟರ್ ಎನ್ನುವುದು ಇಂಥವನ್ನೇ. ಗಡ್ಡೆ ಬರುವ ಮುಂಚೆ ಓವಲ್ ಕೋಶ ಬರುತ್ತದೆ, ಹಾಗಾಗಿ ಗಡ್ಡೆ ಓವಲ್ ಕೋಶದ್ದೇ ಎಂಬ ನಂಬಿಕೆ ಅಲ್ಲಿಂದ ಬೇರೂರಿತು. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ತಾಯಿ, ಎರಡನೆಯದು ಮಗು ಆಗುವುದಿಲ್ಲ. ಆದರೆ ಸ್ಲೈಡ್ ನೋಡಿದವರಿಗೆ ಹಾಗೆ ಕಂಡದ್ದು ಸಹಜ.

ಡೈಈಥೈಲ್‌ನೈಟ್ರೋಸಮೀನ್, ಅಂದರೆ ಲ್ಯಾಬಿನ ಮಾತಿನಲ್ಲಿ ಡೆನ್, ತಾನಾಗಿ ಡಿಎನ್‌ಎಗೆ ಏನೂ ಮಾಡುವುದಿಲ್ಲ. ಲಿವರಿನ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಒಡೆದಾಗ ಈಥೈಲ್‌ಡಯಜೋನಿಯಂ ಅಯಾನು ಹುಟ್ಟುತ್ತದೆ. ಅದು ಡಿಎನ್‌ಎಯ ಅಕ್ಷರಗಳಾದ ಗ್ವಾನೀನ್, ಥೈಮೀನ್ ಬೇಸ್‌ಗಳಿಗೆ ಈಥೈಲ್ ಗುಂಪು ಅಂಟಿಸುತ್ತದೆ. ಈ ಕಿಣ್ವ ಹೆಚ್ಚಾಗಿರುವುದು ಕೇಂದ್ರ ಸಿರೆಯ ಸುತ್ತಲಿನ ಹೆಪಟೊಸೈಟ್‌ಗಳಲ್ಲಿ; ಪಿತ್ತನಾಳದ ಕೋಶಗಳಲ್ಲಿ ಇರುವುದು ತೀರಾ ಕಡಿಮೆ. ಅಯಾನಿನ ಆಯಸ್ಸೂ ಅಲ್ಪ, ಹುಟ್ಟಿದ ಕೋಶದಲ್ಲೇ ಕೆಲಸ ಮುಗಿಸುತ್ತದೆ. ಆದ್ದರಿಂದ ಮೊದಲ ಅನುಮಾನ ಹೆಪಟೊಸೈಟ್ ಮೇಲೇ ಹೋಗಬೇಕು.

ಹಾಗೆಂದು ಕಿಣ್ವ ಎಲ್ಲಿದೆಯೋ ಗಡ್ಡೆ ಅಲ್ಲೇ ಎಂದು ಕಣ್ಣು ಮುಚ್ಚಿ ಬರೆಯುವಂತಿಲ್ಲ. ಪಿವಿಸಿ ಕಾರ್ಖಾನೆಗಳ ವಿನೈಲ್ ಕ್ಲೋರೈಡ್ ಕೂಡ ಹೆಪಟೊಸೈಟ್‌ನಲ್ಲೇ ಚುರುಕುಗೊಳ್ಳುತ್ತದೆ. ಆದರೆ 1974ರಲ್ಲಿ ಅಮೆರಿಕದ ಲೂಯಿವಿಲ್‌ನ ಕಾರ್ಮಿಕರಲ್ಲಿ ಬೆಳಕಿಗೆ ಬಂದ ಕ್ಯಾನ್ಸರ್ ರಕ್ತನಾಳದ ಒಳಪದರದ ಆಂಜಿಯೋಸಾರ್ಕೋಮ. ಜಪಾನಿನ ಒಸಾಕಾದಲ್ಲಿ 1,2-ಡೈಕ್ಲೋರೋಪ್ರೊಪೇನ್ ಉಸಿರಾಡಿದ ಮುದ್ರಣ ಕಾರ್ಮಿಕರಿಗೆ ಬಂದದ್ದು ಪಿತ್ತನಾಳದ ಕ್ಯಾನ್ಸರ್. ರಾಸಾಯನಿಕ ಬದಲಾದರೆ ಬಲಿಯಾಗುವ ಕೋಶವೂ ಬದಲಾಗಬಹುದು. ಅದಕ್ಕೇ ಊಹೆ ಸಾಲದು, ಗುರುತು ಹಾಕಿ ನೋಡಬೇಕು.

ಮಾಡಿದ್ದೇನು

ಇಲಿಗಳು ಸಿ57ಬಿಎಲ್/6 ತಳಿಯವು. ಅವುಗಳ ಡಿಎನ್‌ಎಯ ರೋಸಾ26 ಎಂಬ ಜಾಗದಲ್ಲಿ ಟಿಡಿಟೊಮ್ಯಾಟೊ ಎಂಬ ಕೆಂಪು ಪ್ರೋಟೀನಿನ ಜೀನ್, ಅದರ ಮುಂದೆ ಒಂದು ತಡೆ. ಕ್ರೀ ಕಿಣ್ವ ಆ ತಡೆಯನ್ನು ಕತ್ತರಿಸಿ ತೆಗೆದರೆ ಕೋಶ ಕೆಂಪಾಗುತ್ತದೆ, ಅದರ ಮಕ್ಕಳು ಮೊಮ್ಮಕ್ಕಳೂ ಕೆಂಪಾಗಿಯೇ ಹುಟ್ಟುತ್ತವೆ. ಇದು ಹಚ್ಚೆ ಇದ್ದಂತೆ, ಅಳಿಸಲಾಗದು. ಕ್ರೀಯನ್ನು ಹೆಪಟೊಸೈಟ್‌ಗೆ ಮಾತ್ರ ತಲುಪಿಸಲು ಎಎವಿ8 ವೈರಸ್ಸಿನಲ್ಲಿ ಟಿಬಿಜಿ ಪ್ರೊಮೋಟರ್ (ಹೆಪಟೊಸೈಟ್‌ನಲ್ಲಷ್ಟೇ ಜೀನನ್ನು ಎಬ್ಬಿಸುವ ಸ್ವಿಚ್ಚು) ಕಟ್ಟಿ ಬಾಲದ ಸಿರೆಗೆ ಕೊಡುತ್ತಾರೆ; ಇಲ್ಲಿ ಕೊಟ್ಟ ಪ್ರಮಾಣ ಇಲಿಯೊಂದಕ್ಕೆ 20,000 ಕೋಟಿ ವೈರಲ್ ಜೀನೋಮ್. ಆಲ್ಬುಮಿನ್ ಜೀನಿನ ಸ್ವಿಚ್ಚಿನಿಂದ ಕ್ರೀ ತಯಾರಿಸುವ ಆಲ್ಬುಮಿನ್-ಕ್ರೀ ಇಲಿ ಈ ಕೆಲಸಕ್ಕೆ ಬರುವುದಿಲ್ಲ. ಎರಡೂ ಬಗೆಯ ಕೋಶಕ್ಕೆ ಪೂರ್ವಜನಾದ ಭ್ರೂಣದ ಹೆಪಟೊಬ್ಲಾಸ್ಟ್‌ನಲ್ಲೇ ಆಲ್ಬುಮಿನ್ ಎದ್ದಿರುವುದರಿಂದ ಹೆಪಟೊಸೈಟ್, ಪಿತ್ತನಾಳ ಎರಡೂ ಕೆಂಪಾಗಿಬಿಡುತ್ತವೆ.

ಡೆನ್ ಕೊಟ್ಟದ್ದು ಹುಟ್ಟಿದ 14ನೇ ದಿನ, ಕೆ.ಜಿ.ಗೆ 25 ಮಿ.ಗ್ರಾಂ.ನಂತೆ, ಹೊಟ್ಟೆಯೊಳಕ್ಕೆ ಒಂದೇ ಚುಚ್ಚುಮದ್ದು. ಆ ವಯಸ್ಸಿನಲ್ಲಿ ಹೆಪಟೊಸೈಟ್‌ಗಳು ಇನ್ನೂ ವಿಭಜಿಸುತ್ತಿರುತ್ತವೆ, ಡಿಎನ್‌ಎ ಮೇಲಿನ ಗಾಯ ರಿಪೇರಿಯಾಗುವ ಮೊದಲೇ ಮ್ಯುಟೇಶನ್ ಆಗಿ ಅಚ್ಚಾಗುತ್ತದೆ. ಬೆಳೆದ ಇಲಿಗೆ ಇದೇ ಒಂದು ಚುಚ್ಚು ಕೊಟ್ಟು ಕೂತರೆ ಹೆಚ್ಚೇನೂ ಆಗದು, ಗಂಟು ಬೆಳೆಸಲು ಫಿನೋಬಾರ್ಬಿಟಲ್ಲೋ ಕಾರ್ಬನ್ ಟೆಟ್ರಾಕ್ಲೋರೈಡೋ ಬೇಕು. ಗಂಡು ಮರಿಗಳನ್ನೇ ಆರಿಸುವುದಕ್ಕೂ ಕಾರಣವಿದೆ: ಈಸ್ಟ್ರೊಜೆನ್ ಉರಿಯೂತದ ಐಎಲ್-6 ಸಂಕೇತವನ್ನು ತಗ್ಗಿಸುವುದರಿಂದ ಹೆಣ್ಣಿಲಿಗಳಲ್ಲಿ ಗಂಟು ಬಹಳ ಕಡಿಮೆ.

ಅಳತೆಯಲ್ಲಿ ಎಡವುವವರು ಹೆಚ್ಚು. ಡೆನ್ ಹಳದಿ ದ್ರವ, ಸಾಂದ್ರತೆ ಮಿ.ಲೀ.ಗೆ ಸುಮಾರು 0.94 ಗ್ರಾಂ. 10 ಮಿ.ಲೀ. ಸಲೈನಿಗೆ 26.6 ಮೈಕ್ರೊಲೀಟರ್ ಹಾಕಿದರೆ ಮಿ.ಲೀ.ಗೆ 2.5 ಮಿ.ಗ್ರಾಂ. ಆಗುತ್ತದೆ. 7 ಗ್ರಾಂ ತೂಗುವ ಮರಿಗೆ ಅದರಲ್ಲಿ 70 ಮೈಕ್ರೊಲೀಟರ್. ಸಾಂದ್ರತೆ ಮರೆತು 25 ಮೈಕ್ರೊಲೀಟರನ್ನೇ 25 ಮಿ.ಗ್ರಾಂ. ಎಂದುಕೊಂಡರೆ ಶೇ. 6 ಕಡಿಮೆ ಬೀಳುತ್ತದೆ; ಅದಕ್ಕಿಂತ ದೊಡ್ಡ ನಷ್ಟ ಸೂಜಿಯನ್ನು ಸರಕ್ಕನೆ ಎಳೆದಾಗ. ಮರಿಯ ಹೊಟ್ಟೆಯ ತೆಳು ಚರ್ಮದಿಂದ ಒಂದು ಹನಿ ಹೊರಬಂದರೂ 70ರಲ್ಲಿ 20 ಹೋದಂತೆ. ಬೆಳಕಿಗೆ ಹಾಳಾಗುವ ದ್ರವ, ಆದ್ದರಿಂದ ಕಂದು ಸೀಸೆ. ಫ್ಯೂಮ್ ಹುಡ್, ಜೋಡಿ ಕೈಗವಸು ಹೇಳಬೇಕಿಲ್ಲ. ಚುಚ್ಚಿದ ಮೇಲೆ ಮೊದಲ ಕೆಲವು ದಿನ ಪಂಜರದಲ್ಲಿ ಹಾಸಿದ್ದ ಹುಡಿಯನ್ನು ಮಾಮೂಲಿ ಕಸಕ್ಕೆ ಹಾಕದೆ ಸುಡಲು ಕಳಿಸಬೇಕು. ಹುಡಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು: ಪೈನ್, ಸೀಡರ್ ಮರದ ಹೊಟ್ಟು ಲಿವರಿನ ಸಿವೈಪಿ ಕಿಣ್ವಗಳನ್ನೇ ಏರಿಸುತ್ತದೆ. ಇಲ್ಲಿ ಜೋಳದ ದಿಂಡಿನ ಹುಡಿ ಬಳಸಿದ್ದರಿಂದ ಆ ತೊಡಕಿರಲಿಲ್ಲ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳದ ಆಹಾರದಿಂದ ಅಫ್ಲಾಟಾಕ್ಸಿನ್ ಸೇರಿರಬಹುದೇ ಎಂಬ ಸಂಶಯವೂ ಎದ್ದಿತ್ತು. ಆದರೆ ಇಲಿಯ ಲಿವರ್‌ಗೆ ಅಫ್ಲಾಟಾಕ್ಸಿನ್‌ನ ಎಪಾಕ್ಸೈಡನ್ನು ಕಟ್ಟಿಹಾಕುವ ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಧಾರಾಳವಾಗಿದೆ, ಡೆನ್ ಕೊಡದ ಒಡಹುಟ್ಟುಗಳಲ್ಲಿ ಒಂದು ಗಂಟೂ ಇರಲಿಲ್ಲ. ಆ ದಾರಿ ಅಲ್ಲಿಗೇ ಬಿಟ್ಟರು.

ಯೋಜನೆಯ ಪ್ರಕಾರ 5ನೇ ವಾರಕ್ಕೆ ವೈರಸ್ ಕೊಡಬೇಕಿತ್ತು. ಹೊರದೇಶದಿಂದ ಬಂದ ಪೊಟ್ಟಣ ದೇವನಹಳ್ಳಿ ಕಾರ್ಗೋದಲ್ಲಿ ಕಾಗದಪತ್ರಕ್ಕಾಗಿ ನಿಂತಿತು, ಡ್ರೈ ಐಸ್ ಪೂರ್ತಿ ಆವಿಯಾಗಿ ಸೀಸೆಗಳು ಕೋಣೆಯ ಬಿಸಿಗೆ ಬಂದಿದ್ದವು. ಕರಗಿದ ವೈರಸ್ಸಿನ ಶಕ್ತಿ ಕುಸಿದಿರುತ್ತದೆ ಎಂದು ಅದನ್ನು ತಿರಸ್ಕರಿಸಿದ್ದು ಸರಿಯೇ. ಹೊಸ ಸೀಸೆ ಬರುವಷ್ಟರಲ್ಲಿ ಇಲಿಗಳಿಗೆ 20 ವಾರ. ಡೆನ್ ಚುಚ್ಚಿದ ಇಲಿಗಳು ವೈರಸ್ಸಿಗಾಗಿ ಕಾಯುತ್ತವೆಯೇ? ಆಗಲೇ ಕೊಟ್ಟರು. 38ನೇ ವಾರಕ್ಕೆ ಲಿವರ್ ತೆಗೆದರು. ಇಡೀ ಪ್ರಕರಣದ ಕೀಲಿ ವೈರಸ್ ಕೊಡುವುದು ತಡವಾದ ಈ 15 ವಾರ. ಕರಡು ವರದಿಯಲ್ಲಿ ಅದು ವಿಧಾನದ ಭಾಗದಲ್ಲಿ ಅರ್ಧ ಸಾಲು.

41ನ್ನು ಬಿಡಿಸಿದ ಬಗೆ

ಗಂಟಿಲ್ಲದ ಜಾಗದಲ್ಲಿ ಹೆಪಟೊಸೈಟ್‌ಗಳು ಶೇ. 96ರಷ್ಟು ಕೆಂಪಾಗಿದ್ದವು. ಗಂಟು ಒಂದು ಕೋಶದಿಂದ ಹುಟ್ಟುತ್ತದೆ ಎಂದುಕೊಂಡರೆ, ಎಲ್ಲ ಗಂಟೂ ಹೆಪಟೊಸೈಟ್‌ದೇ ಆದರೂ 186ರಲ್ಲಿ ಶೇ. 4, ಅಂದರೆ 7 ಗಂಟು ಕಪ್ಪಾಗಿರಲೇಬೇಕು. ಸಿಕ್ಕಿದ್ದು 41. ಮಿಕ್ಕ 34 ಎಲ್ಲಿಂದ?

ಕರಡು ಬರೆದವರ ಬಲವಾದ ಸಾಕ್ಷಿ ಸಾಕ್ಸ್9. ಇದು ಪಿತ್ತನಾಳದ, ಪ್ರೊಜೆನಿಟರ್ ಕೋಶದ ಮಾರ್ಕರ್ ಎಂದು ಹೆಸರಾದ ಪ್ರೋಟೀನ್. ಕಪ್ಪು ಗಂಟುಗಳಲ್ಲಿ 23 ಸಾಕ್ಸ್9 ಪಾಸಿಟಿವ್, ಅಂದರೆ ಶೇ. 56. ಮೇಲ್ನೋಟಕ್ಕೆ ಮಾತು ಮುಗಿಯಿತು. ಆದರೆ ಕೆಂಪು ಗಂಟುಗಳಿಗೆ ಆ ಸ್ಟೇನ್ ಹಾಕಿಯೇ ಇರಲಿಲ್ಲ. ಹೆಪಟೊಸೈಟ್‌ದು ಎಂದು ಗೊತ್ತಾದ ಮೇಲೆ ಆಂಟಿಬಾಡಿ ಏಕೆ ಖರ್ಚು ಮಾಡುವುದು ಎಂದುಕೊಂಡಿದ್ದರು. ಹಾಕಿದಾಗ 145ರಲ್ಲಿ 76 ಪಾಸಿಟಿವ್, ಶೇ. 52. ವ್ಯತ್ಯಾಸವೇ ಇಲ್ಲ. ಹಚ್ಚೆ ಇರುವ, ಖಚಿತವಾಗಿ ಹೆಪಟೊಸೈಟ್ ವಂಶದ ಗಂಟುಗಳೇ ಅರ್ಧಕ್ಕರ್ಧ ಪ್ರೊಜೆನಿಟರ್ ವೇಷ ತೊಟ್ಟಿದ್ದವು. ಇದು ಹೊಸ ಸಂಗತಿಯೂ ಅಲ್ಲ: 2013ರಲ್ಲಿ ಮೈಕೆಲ್ ಕರಿನ್ ಅವರ ತಂಡ 'ಸೆಲ್' ಪತ್ರಿಕೆಯಲ್ಲಿ, ಡೆನ್ ಕೊಟ್ಟ ಲಿವರಿನಲ್ಲಿ ಗಡ್ಡೆ ಕಾಣುವ ಎಷ್ಟೋ ಮೊದಲೇ ಸಿಗುವ, ಸಿಡಿ44 ಎಂಬ ಮಾರ್ಕರ್ ಹೊತ್ತ, ಪ್ರೊಜೆನಿಟರಿನಂತೆ ಕಾಣುವ ಕೋಶಗಳನ್ನು ವಿವರಿಸಿತ್ತು. ಮಾರ್ಕರ್ ಎಂಬುದು ಕೋಶ ಇಂದು ಉಟ್ಟ ಬಟ್ಟೆ. ಬಟ್ಟೆ ನೋಡಿ ಹುಟ್ಟೂರು ಹೇಳಲಾಗದು.

ಎರಡನೆಯದು ಬರೀ ಕೈಕೆಲಸದ ತಪ್ಪು. 41ರಲ್ಲಿ 12 ಗಂಟುಗಳು ಎರಡೇ ಇಲಿಗಳವು. ಅವುಗಳ ಲಿವರನ್ನು ಫ್ರೋಜನ್ ಬ್ಲಾಕ್ ಮಾಡದೆ ಪ್ಯಾರಾಫಿನ್‌ಗೆ ಹಾಕಿದ್ದರು. ಆಲ್ಕೋಹಾಲ್, ಜೈಲೀನ್, ಮೇಣದ ಬಿಸಿ ದಾಟಿ ಬರುವಾಗ ಟಿಡಿಟೊಮ್ಯಾಟೊದ ಸ್ವಂತ ಹೊಳಪು ನಂದಿಹೋಗುತ್ತದೆ, ಪ್ರೋಟೀನು ಮಾತ್ರ ಉಳಿದಿರುತ್ತದೆ. ಸಿಟ್ರೇಟ್ ಬಫರಿನಲ್ಲಿ ಕುದಿಸಿ, ಆ ಕೆಂಪು ಪ್ರೋಟೀನನ್ನು ಹಿಡಿಯುವ ಆರ್‌ಎಫ್‌ಪಿ ಆಂಟಿಬಾಡಿ ಹಾಕಿದಾಗ ಹನ್ನೆರಡೂ ಪಾಸಿಟಿವ್. ಉಳಿದದ್ದು 29. ಇದಕ್ಕೆ ವಿರುದ್ಧ ದಿಕ್ಕಿನ ಮೋಸವೂ ಇದೆ. ವಯಸ್ಸಾದ ಲಿವರಿನ ಲಿಪೊಫಸ್ಸಿನ್ ಎಂಬ ವರ್ಣಕಣ ತಾನಾಗಿಯೇ ಕೆಂಪು-ಹಳದಿಯಾಗಿ ಮಿನುಗಿ, ಇಲ್ಲದ ಗುರುತನ್ನು ತೋರಿಸುತ್ತದೆ. ಕ್ರೀ ಕೊಡದ, ಡೆನ್ ಮಾತ್ರ ಕೊಟ್ಟ ಇಲಿಯ ಸೆಕ್ಷನ್ ಪಕ್ಕದಲ್ಲಿಟ್ಟು ಎಕ್ಸ್‌ಪೋಶರ್ ಕಟ್ಟಿಕೊಂಡಿದ್ದರಿಂದ ಆ ಕಡೆ ತಪ್ಪಾಗಿರಲಿಲ್ಲ.

ಮೂರನೆಯದೇ ನಿಜವಾದ ತಿರುಳು. 29ರಲ್ಲಿ 13 ಗಂಟುಗಳನ್ನು ಮತ್ತೆ ತಾಳ್ಮೆಯಿಂದ ನೋಡಿದಾಗ ಅವು ಪೂರಾ ಕಪ್ಪಲ್ಲ. ಒಂದನ್ನು ಉದಾಹರಣೆಗೆ ನೋಡಬಹುದು: 4 ಮಿ.ಮೀ. ಅಗಲ, ಮುಕ್ಕಾಲು ಪಾಲು ಕಪ್ಪು, ಒಂದು ಅಂಚಿನಲ್ಲಿ ಬಾಳೆಲೆಯ ತುದಿ ಹರಿದಂತೆ ಕೆಂಪು ತುಣುಕು. ಎಣಿಸಿದವರು 'ಹೆಚ್ಚು ಭಾಗ ಕಪ್ಪು, ಆದ್ದರಿಂದ ಕಪ್ಪು' ಎಂದು ಬರೆದಿದ್ದರು. ಕೆಂಪು ತುಣುಕು ಪಕ್ಕದ ಮಾಮೂಲಿ ಕೋಶಗಳು ನುಗ್ಗಿದ್ದಿರಬೇಕು ಎಂಬುದು ಅವರ ಊಹೆ. ಲೇಸರ್ ಮೈಕ್ರೋಡಿಸೆಕ್ಷನ್‌ನಿಂದ ಎರಡು ಭಾಗವನ್ನೂ ಬೇರೆ ಬೇರೆ ಕತ್ತರಿಸಿ ಡಿಎನ್‌ಎ ಓದಿದರು. ಎರಡರಲ್ಲೂ ಬಿರಾಫ್ ಎಂಬ ಜೀನಿನ ವಿ637ಇ ಮ್ಯುಟೇಶನ್, ಮನುಷ್ಯರ ವಿ600ಇಗೆ ಸಮನಾದದ್ದು. ಇಷ್ಟಕ್ಕೇ ಒಂದೇ ವಂಶ ಎನ್ನುವಂತಿಲ್ಲ. ಡೆನ್ ಗಂಟುಗಳಲ್ಲಿ ಈ ಜಾಗ ಮತ್ತೆ ಮತ್ತೆ ಕೆಡುತ್ತದೆ, ಅಕ್ಕಪಕ್ಕದ ಎರಡು ಬೇರೆ ಗಂಟುಗಳಲ್ಲೂ ಅದೇ ಇರಬಹುದು. ಆದರೆ ಡೆನ್ ಪ್ರತಿ ಗಂಟಿಗೂ ಸಾವಿರಾರು ಅಡ್ಡಾದಿಡ್ಡಿ ಮ್ಯುಟೇಶನ್‌ಗಳನ್ನು ಬಿಟ್ಟು ಹೋಗಿರುತ್ತದೆ, ಆ ಸರಮಾಲೆ ಗಂಟಿನಿಂದ ಗಂಟಿಗೆ ಬೇರೆ. ಅಂಥ ಐದನ್ನು ಆರಿಸಿ ನೋಡಿದರೆ ಐದೂ ಎರಡು ಭಾಗದಲ್ಲೂ ಇದ್ದವು. ಒಂದೇ ತಾಯಿಯ ಮಕ್ಕಳು, ಕೆಲವಕ್ಕೆ ಹಚ್ಚೆ ಬಿದ್ದಿದೆ, ಕೆಲವಕ್ಕೆ ಇಲ್ಲ. ಅಂದರೆ ಹಚ್ಚೆ ಹಾಕುವ ಹೊತ್ತಿಗೆ ಮಕ್ಕಳು ಆಗಲೇ ಹುಟ್ಟಿಬಿಟ್ಟಿದ್ದವು.

ಕರಡಿನಲ್ಲಿ ಇದೇ ಕೆಲಸಕ್ಕೆ ಬೇರೊಂದು ಪರೀಕ್ಷೆ ಇತ್ತು: ಕಪ್ಪು ಗಂಟಿನ ಡಿಎನ್‌ಎಯಲ್ಲಿ ಕತ್ತರಿಸದ ತಡೆ ಇನ್ನೂ ಇದೆಯೇ ಎಂದು ಡಿಎನ್‌ಎ ತುಣುಕನ್ನು ನಕಲು ಮಾಡಿ ನೋಡುವ ಪಿಸಿಆರ್. ಬ್ಯಾಂಡ್ ಬಂತು, 'ಕ್ರೀ ಮುಟ್ಟಿಲ್ಲ' ಎಂದು ಬರೆದರು. ಕೆಂಪು ಗಂಟಿನ ಡಿಎನ್‌ಎ ಹಾಕಿದರೂ ಆ ಬ್ಯಾಂಡ್ ಬರುತ್ತದೆ! ಗಂಟಿನೊಳಗೆ ಕುಪ್ಫರ್ ಕೋಶ, ರಕ್ತನಾಳದ ಕೋಶ, ಲಿಂಫೊಸೈಟ್ ಎಲ್ಲವೂ ಇರುತ್ತವೆ, ಅವಕ್ಕೆ ಕ್ರೀ ಸೋಕಿಯೇ ಇರುವುದಿಲ್ಲ. ಈ ಪರೀಕ್ಷೆ ಈ ಪ್ರಶ್ನೆಗೆ ನಿರುಪಯೋಗಿ.

ಇನ್ನು 16. ವೈರಸ್ ಕೊಟ್ಟು ವಾರಕ್ಕೆ, ಅಂದರೆ 21ನೇ ವಾರಕ್ಕೆ, ಗುರುತಿನ ಪ್ರಮಾಣ ನೋಡಲೆಂದು ಮೂರು ಇಲಿಗಳ ಲಿವರ್ ತೆಗೆದಿಟ್ಟಿದ್ದರು. ಶೇ. 96 ಎಂಬ ಅಂಕಿ ಬಂದದ್ದು ಅಲ್ಲಿಂದಲೇ. ಆದರೆ ಆಗ ಎಣಿಸಿದ್ದು ಮಾಮೂಲಿ ಜಾಗವನ್ನು ಮಾತ್ರ. ಅವೇ ಬ್ಲಾಕ್‌ಗಳಲ್ಲಿ ಹೆಮಟಾಕ್ಸಿಲಿನ್‌ಗೆ ಗಾಢ ನೀಲಿಯಾಗುವ ಸಣ್ಣ ಕಲೆಗಳು, ಮುಂದೆ ಗಂಟಾಗಬಲ್ಲ ಫೋಕಸ್‌ಗಳು, 64 ಸಿಕ್ಕವು. 52 ಕೆಂಪು, 6 ಮಿಶ್ರ, 6 ಕಪ್ಪು. ಕಪ್ಪು ಶೇ. 9.4; 186ಕ್ಕೆ ಲೆಕ್ಕ ಹಾಕಿದರೆ 17. ಸಿಕ್ಕಿದ್ದು 16. ಮಿಶ್ರವೂ ಅಷ್ಟೇ ಪ್ರಮಾಣ, 17 ನಿರೀಕ್ಷೆಗೆ 13.

ಫೋಕಸ್‌ನೊಳಗೆ ಗುರುತು ಸರಿಯಾಗಿ ಬೀಳದಿರಲು ಕಾರಣ ವೈರಸ್ಸಿನ ಸ್ವಭಾವದಲ್ಲೇ ಇದೆ. ಟಿಬಿಜಿ ಪ್ರೊಮೋಟರ್ ಏಳುವುದು ಪಕ್ವ ಹೆಪಟೊಸೈಟ್‌ನಲ್ಲಿ, ಪಕ್ವತೆ ಕಳಚಿಕೊಳ್ಳುತ್ತಿರುವ ಕೋಶದಲ್ಲಿ ಅದು ಮಂದ. ಎಎವಿ ಜೀನೋಮ್ ಬಹುಪಾಲು ಕ್ರೋಮೋಸೋಮಿಗೆ ಸೇರದೆ ಹೊರಗೇ ಇರುವುದರಿಂದ, ಬೇಗ ಬೇಗ ವಿಭಜಿಸುವ ಕೋಶದಲ್ಲಿ ಕ್ರೀ ಸಾಕಷ್ಟು ತಯಾರಾಗುವ ಮೊದಲೇ ಹಂಚಿ ತೆಳುವಾಗುತ್ತದೆ. ಮಾಮೂಲಿ ಕೋಶದಲ್ಲಿ ಅಳೆದ ಶೇ. 96ನ್ನು ಫೋಕಸ್‌ಗೆ ಹಚ್ಚಿದ್ದೇ ಲೆಕ್ಕ ಕೆಟ್ಟ ಜಾಗ.

ಮುಂಚೆಯೇ ಗುರುತು ಹಾಕಿ ನೋಡಿದಾಗ

41ಕ್ಕೂ ಉತ್ತರ ಸಿಕ್ಕಿತು, ಆದರೆ ಪಿತ್ತನಾಳ ನಿರ್ದೋಷಿ ಎಂದು ಇದರಿಂದ ಸಾಬೀತಾಗುವುದಿಲ್ಲ. ಯೋಜಿಸಿದಂತೆ 5ನೇ ವಾರಕ್ಕೇ ಗುರುತು ಹಾಕಿದ್ದರೂ ಆಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಡೆನ್ ಬಿದ್ದದ್ದು 2ನೇ ವಾರ. ನಡುವಿನ ಮೂರು ವಾರದಲ್ಲಿ ಯಾವುದೋ ಪ್ರೊಜೆನಿಟರ್ ಕೋಶ ಕೆಟ್ಟು, ಹೆಪಟೊಸೈಟ್ ಆಗಿ, ಆಮೇಲೆ ಕೆಂಪಾಗಿದ್ದರೆ? ರಾಸಾಯನಿಕದ ನಂತರ ಹಾಕಿದ ಹಚ್ಚೆ, ರಾಸಾಯನಿಕ ತಾಗಿದಾಗ ಆ ಕೋಶ ಯಾರಾಗಿತ್ತು ಎಂದು ಹೇಳದು. ಮೂಲ ಯೋಜನೆಯಲ್ಲೇ ಇದ್ದ ತೂತು ಇದು, ಕಾರ್ಗೋ ಗೋದಾಮಿನ ಮೇಲೆ ಹೊರಿಸುವಂತಿಲ್ಲ.

ಹೊಸ ಇಲಿಗಳಿಗೆ ಪ್ರಾಣಿ ನೈತಿಕ ಸಮಿತಿಯ ಮುಂದೆ ಮತ್ತೆ ಅರ್ಜಿ ಹೋಯಿತು. ಎರಡು ಗುಂಪು.

ಮೊದಲನೆಯದರಲ್ಲಿ ಪಿತ್ತನಾಳಕ್ಕೇ ಗುರುತು: ಟಮಾಕ್ಸಿಫೆನ್ ಸಿಕ್ಕಾಗಷ್ಟೇ ನಾಳದ ಕೋಶದಲ್ಲಿ ಕ್ರೀ ಕೆಲಸ ಮಾಡುವ ಕೆಆರ್‌ಟಿ19-ಕ್ರೀಇಆರ್ ಮರಿಗಳಿಗೆ 8ನೇ ದಿನ ಟಮಾಕ್ಸಿಫೆನ್ ಒಂದೇ ಡೋಸ್, 14ನೇ ದಿನ ಡೆನ್. ಸಾಕ್ಸ್9-ಕ್ರೀಇಆರ್ ಬೇಡವೆಂದರು, ಅದು ಪೋರ್ಟಲ್ ಸಿರೆಯ ಪಕ್ಕದ ಕೆಲವು ಹೆಪಟೊಸೈಟ್‌ಗಳನ್ನೂ ಬಣ್ಣ ಮಾಡುತ್ತದೆ. ಟಮಾಕ್ಸಿಫೆನ್ ಈಸ್ಟ್ರೊಜೆನ್ ರಿಸೆಪ್ಟರನ್ನೇ ಹಿಡಿಯುವ ಔಷಧ, ಈ ಕ್ಯಾನ್ಸರ್ ಈಸ್ಟ್ರೊಜೆನ್‌ಗೆ ಬಗ್ಗುವಂಥದ್ದು. ಹಾಗಾಗಿ ಎಣ್ಣೆ ಮಾತ್ರ ಕೊಟ್ಟು ಡೆನ್ ಹಾಕಿದ ಒಡಹುಟ್ಟುಗಳನ್ನೂ ಇಟ್ಟುಕೊಂಡು ಗಂಟಿನ ಸಂಖ್ಯೆ ಹೋಲಿಸಬೇಕಾಯಿತು. 15ನೇ ದಿನ ನೋಡಿದಾಗ ನಾಳದ ಕೋಶ ಶೇ. 31 ಕೆಂಪು, ಹೆಪಟೊಸೈಟ್‌ನಲ್ಲಿ ಒಂದೂ ಇಲ್ಲ. ಕೊನೆಗೆ 138 ಗಂಟು, ಕೆಂಪು ಸೊನ್ನೆ. ಸೊನ್ನೆ ಬಂತೆಂದು ಸೊನ್ನೆ ಎಂದು ಬರೆಯಬಾರದು. 138ರಲ್ಲಿ ಒಂದೂ ಕಾಣದಿದ್ದರೆ ಶೇ. 95 ವಿಶ್ವಾಸದ ಮೇಲ್ಮಿತಿ 3 ಭಾಗಿಸು 138, ಅಂದರೆ ಶೇ. 2.2. ನಾಳದಲ್ಲಿ ಗುರುತು ಬಿದ್ದದ್ದೇ ಶೇ. 31 ಆದ್ದರಿಂದ ಅದನ್ನು 0.31ರಿಂದ ಭಾಗಿಸಬೇಕು: ಶೇ. 7. ಪಿತ್ತನಾಳದಿಂದ ಬಂದ ಗಂಟುಗಳು ಹೆಚ್ಚೆಂದರೆ ನೂರಕ್ಕೆ ಏಳು, ಐದರಲ್ಲಿ ಒಂದಂತೂ ಅಲ್ಲವೇ ಅಲ್ಲ.

ಎರಡನೆಯದರಲ್ಲಿ ಬೆಳೆದ ಇಲಿ. 5ನೇ ವಾರಕ್ಕೆ ವೈರಸ್, ಮೂರು ವಾರ ಬಿಡುವು, 8ನೇ ವಾರಕ್ಕೆ ಕೆ.ಜಿ.ಗೆ 90 ಮಿ.ಗ್ರಾಂ. ಡೆನ್, ಆಮೇಲೆ ಆಹಾರದಲ್ಲಿ ಶೇ. 0.05 ಫಿನೋಬಾರ್ಬಿಟಲ್. ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ವಸ್ತುವಾದ್ದರಿಂದ ಅದರ ಲೆಕ್ಕಪುಸ್ತಕ ಬೇರೆ. ಹೆಪಟೊಸೈಟ್ ಗುರುತು ಶೇ. 98.5. ಬಂದ 62 ಗಂಟುಗಳಲ್ಲಿ 61 ಕೆಂಪು. ಲೆಕ್ಕದ ಪ್ರಕಾರ ಕಪ್ಪಾಗಬೇಕಿದ್ದದ್ದು 0.9. ಇಲ್ಲಿನ ಗಂಟುಗಳು ಬಹಳಷ್ಟು ಗ್ಲುಟಮೀನ್ ಸಿಂಥೆಟೇಸ್ ಪಾಸಿಟಿವ್, ಅಂದರೆ ಬೀಟಾ-ಕೆಟೆನಿನ್ ಎಂಬ ಜೀನ್ ಕೆಟ್ಟವು. ಫಿನೋಬಾರ್ಬಿಟಲ್ ಬೆಳೆಸುವುದು ಅಂಥವನ್ನೇ. ಬಿರಾಫ್ ಕೆಟ್ಟ ಮರಿ-ಇಲಿಯ ಗಂಟು ಬೇರೆ ಜಾತಿ, ಆದ್ದರಿಂದ ಒಂದು ಗುಂಪಿನ ಉತ್ತರವನ್ನು ಇನ್ನೊಂದಕ್ಕೆ ಸಾಲ ಕೊಡುವಂತಿಲ್ಲ, ಎರಡೂ ಬೇಕಿತ್ತು. 2015ರಲ್ಲಿ 'ಜರ್ನಲ್ ಆಫ್ ಕ್ಲಿನಿಕಲ್ ಇನ್ವೆಸ್ಟಿಗೇಶನ್'ನಲ್ಲಿ ಹಲವು ಇಲಿ ಮಾದರಿಗಳನ್ನು ಒಟ್ಟಿಗೆ ನೋಡಿದ ಅಧ್ಯಯನವೂ ಹೆಪಟೊಸೆಲ್ಯುಲರ್ ಕಾರ್ಸಿನೋಮ ಹೆಪಟೊಸೈಟ್‌ನಿಂದಲೇ ಎಂದಿತ್ತು.

ಈ ಉತ್ತರಕ್ಕೆ ಎಲ್ಲೆಗಳಿವೆ. ಡೆನ್ ಒಂದೇ ಏಟು, ನಾರುಗಟ್ಟಿದ ಲಿವರ್ ಇದರಲ್ಲಿ ಇಲ್ಲ, ಪಿತ್ತನಾಳ ಕೆರಳುವುದೂ ಅಷ್ಟಕ್ಕಷ್ಟೆ. ತಿಂಗಳುಗಟ್ಟಲೆ ಥಯೋಅಸಿಟಮೈಡ್ ಎಂಬ ಲಿವರ್ ಕೆಡಿಸುವ ರಾಸಾಯನಿಕ ಕುಡಿಸಿ ಹೆಪಟೊಸೈಟ್‌ಗಳು ವಿಭಜಿಸಲಾರದ ಸ್ಥಿತಿಗೆ ತಂದರೆ ನಾಳದ ಕೋಶಗಳು ಹೆಪಟೊಸೈಟ್ ಆಗುವುದು 2017ರ ಈಚೆಗೆ ಕಂಡಿದೆ. ಅಲ್ಲಿ ಹುಟ್ಟುವ ಗಡ್ಡೆಗೆ ಈ 138ರ ಸೊನ್ನೆಯನ್ನು ತೋರಿಸಬಾರದು.

ಪರಿಷ್ಕೃತ ವರದಿಯಲ್ಲಿ 'ಪ್ರೊಜೆನಿಟರ್ ಮೂಲದ ಗಂಟು' ಎಂದಿದ್ದ 23 ಕಡೆ 'ಸಾಕ್ಸ್9 ಪಾಸಿಟಿವ್ ಗಂಟು' ಎಂದಾಯಿತು. ಇಲಿಮನೆಯ ಪಂಜರದ ಚೀಟಿಯಲ್ಲಿ ಮೊದಲು ಡೆನ್ ಕೊಟ್ಟ ದಿನಾಂಕ ಒಂದೇ ಇರುತ್ತಿತ್ತು. ಈಗ ಅದರ ಮೇಲೆ ಇನ್ನೊಂದು ಗೆರೆ ಮುದ್ರಿಸಿದ್ದಾರೆ, ಗುರುತು ಹಾಕಿದ ದಿನಾಂಕಕ್ಕೆ. ಮೇಲಿನ ದಿನಾಂಕ ಕೆಳಗಿನದಕ್ಕಿಂತ ಹಿಂದಿನದಾಗಿರದಿದ್ದರೆ ಆ ಪಂಜರದ ಇಲಿಗಳನ್ನು ಮೂಲಕೋಶದ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.